ಅಂಗಡಿ ಊರಾಗ, ಆಸ್ಪತ್ರಿ ಧಾರವಾಡದಾಗ

ಕಾಗಿನೆಲೆಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಮನುಷ್ಯ ನಿಂತಿದ್ದಾನೆ ಅಂದುಕೊಳ್ಳಿ. ವಯಸ್ಸು ನಲವತ್ತು. ಎದ್ದ ಕೂಡಲೇ ಕೈ ನಡುಗುತ್ತದೆ. ಒಂದು ಗುಟುಕು ಒಳಗೆ ಹೋದ ಮೇಲೆಯೇ ಚಹಾದ ಕಪ್ಪು ನೆಟ್ಟಗೆ ಹಿಡಿಯಲು ಬರುತ್ತದೆ. ನಿನ್ನೆ ರಾತ್ರಿ ಹೆಂಡತಿ, ಮಕ್ಕಳ ಮುಂದೆ ಆಣೆ ಮಾಡಿದ್ದಾನೆ, ಇನ್ನು ಮುಟ್ಟುವುದಿಲ್ಲ ಅಂತ. ಈಗ ಅವನು ಯಾವ ಬಸ್ ಹತ್ತಬೇಕು?

ಕುಡಿಯಬೇಕು ಅಂದರೆ ಯಾವ ಬಸ್ಸೂ ಹತ್ತಬೇಕಿಲ್ಲ. ಕಾಲ್ನಡಿಗೆಯಲ್ಲಿ ಸಿಗುತ್ತದೆ. ಬಿಡಬೇಕು ಅಂದಾಗ ಮಾತ್ರ ದಾರಿ ಉದ್ದವಾಗುತ್ತದೆ. ಬ್ಯಾಡಗಿಗೆ ಹೋಗಬೇಕೋ, ಹಾವೇರಿಗೋ, ಹುಬ್ಬಳ್ಳಿಗೋ, ಧಾರವಾಡಕ್ಕೋ, ಇಲ್ಲ ಬೆಂಗಳೂರಿಗೋ? ನಮ್ಮ ಅಜ್ಜನ ಕಾಲದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿತ್ತು, ಅಪ್ಪನ ಕಾಲದಲ್ಲಿ ಇನ್ನೊಂದು. ಇವತ್ತಿನ ಉತ್ತರವೇ ಬೇರೆ. ಅದು ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ.

ನಮ್ಮ ಭಾಗದಲ್ಲಿ ಕುಡಿತದ ಇತಿಹಾಸ ಅಂದರೆ ಸಾರಾಯಿ ಗುತ್ತಿಗೆ, ಪೊಲೀಸ್ ದಾಳಿ, ಮಹಿಳೆಯರ ಹೋರಾಟ ಇವೇ ನೆನಪಾಗುತ್ತವೆ. ಚಿಕಿತ್ಸೆಗೂ ಒಂದು ಇತಿಹಾಸವಿದೆ. ಅದನ್ನು ಯಾರೂ ಹೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಆದ್ದರಿಂದ ಈ ಸಲ ನಾವು ಅದನ್ನೇ ಹುಡುಕಿಕೊಂಡು ಹೊರಟೆವು.

ಸರ್ಕಾರಕ್ಕೆ ಬೇಕಾಗಿದ್ದು ಲೆಕ್ಕ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ ಮುಂಬೈ ಪ್ರಾಂತಕ್ಕೆ ಸೇರಿದವು. ತುಂಗಭದ್ರೆಯ ಆಚೆ ದಂಡೆಯ ಹರಿಹರ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ಹೊಳೆ ದಾಟಿದರೆ ರಾಜ್ಯ ಬೇರೆ, ಕಾನೂನು ಬೇರೆ, ಹೆಂಡದ ಸುಂಕವೂ ಬೇರೆ.

1878ರಲ್ಲಿ ಮುಂಬೈ ಸರ್ಕಾರ ಅಬಕಾರಿ ಕಾಯ್ದೆ ತಂದಿತು. ಯಾರು ಭಟ್ಟಿ ಇಳಿಸಬೇಕು, ಯಾರು ಮಾರಬೇಕು, ಎಷ್ಟು ತೆರಿಗೆ ಕಟ್ಟಬೇಕು ಎಂಬುದಕ್ಕೆಲ್ಲ ಕಟ್ಟು ಬಿತ್ತು. ಮನೆಯ ಹಿತ್ತಲಲ್ಲಿ ಇಳಿಸಿಕೊಳ್ಳುತ್ತಿದ್ದದ್ದು ಅಪರಾಧವಾಯಿತು. ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಕೊಂಡು ಕುಡಿದರೆ ಕಾನೂನು ಏನೂ ಅನ್ನುತ್ತಿರಲಿಲ್ಲ. ಅದೇ ವರ್ಷ ಅಫೀಮಿಗೂ ಕಾಯ್ದೆ ಬಂತು. ಈ ಕಾಯ್ದೆಗಳು ಎಣಿಸಿದ್ದು ಅಂಗಡಿಯನ್ನು, ಮರವನ್ನು, ಹಂಡೆಯನ್ನು. ಕುಡಿದು ಕಾಯಿಲೆ ಬಿದ್ದವನನ್ನು ಎಣಿಸಲು ಅವುಗಳಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ಕಾಯಿಲೆ ಬಿದ್ದವನು ಎಲ್ಲಿಗೆ ಹೋಗುತ್ತಿದ್ದ? ಹೆಚ್ಚಿನವರು ಎಲ್ಲಿಗೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಮಲಗುತ್ತಿದ್ದರು, ಗುಡಿಯಲ್ಲಿ ಹರಕೆ ಹೊರುತ್ತಿದ್ದರು, ಕೊರಳಿಗೆ ತಾಯತ ಕಟ್ಟಿಸಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಕೂಗಾಡಿ, ಇಲ್ಲದ್ದನ್ನು ಕಾಣುತ್ತ ಜನರ ಮೇಲೆ ಏರಿ ಹೋದವನನ್ನು ಮಾತ್ರ ಪೊಲೀಸರು ಹಿಡಿದು ಧಾರವಾಡಕ್ಕೆ ಕಳಿಸುತ್ತಿದ್ದರು.

ಧಾರವಾಡದ ಹೆದರಿಕೆ

ಧಾರವಾಡದ ಮಾನಸಿಕ ಆಸ್ಪತ್ರೆ 1845ರಲ್ಲಿ ಶುರುವಾಯಿತು. ಇವತ್ತು ಅದರ ಹೆಸರು ಡಿಮ್ಹಾನ್ಸ್. ನಮ್ಮ ಭಾಗದ ಮಾತಿನಲ್ಲಿ ಆ ಊರಿನ ಹೆಸರೇ ಬೈಗುಳವಾಯಿತು. ಯಾರಾದರೂ ತಿಕ್ಕಲು ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ" ಅನ್ನುವುದನ್ನು ನಾವೆಲ್ಲ ಕೇಳಿಯೇ ಬೆಳೆದವರು. ಜಗಳದಲ್ಲಿ ಬೈದಾಡಲು ಒಂದು ಆಸ್ಪತ್ರೆ ಬಳಕೆಯಾದರೆ ಅಲ್ಲಿಗೆ ಚಿಕಿತ್ಸೆಗೆ ಹೋಗುವ ಧೈರ್ಯ ಯಾರಿಗೆ ಬಂದೀತು?

ಆ ಕಾಲದ ಹುಚ್ಚಾಸ್ಪತ್ರೆಗಳ ಪುಸ್ತಕಗಳನ್ನು ಯಾರು ಹೇಗೆ ತುಂಬುತ್ತಿದ್ದರು ಎಂಬುದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ ಬಗ್ಗೆ ವಿಚಾರಣೆ ಮಾಡಲು ಒಂದು ಆಯೋಗ ನೇಮಿಸಿತು. ಗಾಂಜಾದಿಂದ ಜನ ಹುಚ್ಚರಾಗುತ್ತಾರೆ ಎಂಬ ಮಾತು ನಿಜವೇ ಎಂದು ತಿಳಿಯಲು ಆಯೋಗ ದೇಶದ ಹುಚ್ಚಾಸ್ಪತ್ರೆಗಳ 1892ನೇ ವರ್ಷದ ದಾಖಲೆಗಳನ್ನು ಒಂದೊಂದಾಗಿ ತೆಗೆಸಿ ನೋಡಿತು. ಆ ವರ್ಷ ಸೇರಿದ್ದವರು 1,344 ಜನ. ಅವರಲ್ಲಿ 222 ಜನರ ಹೆಸರಿನ ಮುಂದೆ ಕಾರಣ ಗಾಂಜಾ ಎಂದು ಬರೆದಿತ್ತು. ಕೂಡಿಸಿ ವಿಚಾರಿಸಿದಾಗ ಗಾಂಜಾದ ಸಂಬಂಧ ಇರಬಹುದು ಎಂದು ಉಳಿದದ್ದು 98 ಜನ ಮಾತ್ರ.

ಉಳಿದವರ ಹೆಸರಿನ ಮುಂದೆ ಹಾಗೆ ಬರೆದವರು ಯಾರು? ಕಾರಣದ ಖಾನೆ ಖಾಲಿ ಬಿಡುವಂತಿರಲಿಲ್ಲ. ರೋಗಿಯನ್ನು ಕರೆತಂದ ಪೊಲೀಸ್ ಏನು ಹೇಳಿದನೋ ಅದನ್ನೇ ಗುಮಾಸ್ತ ಬರೆದುಕೊಳ್ಳುತ್ತಿದ್ದ. ರೋಗಿಯ ಮನೆಯವರನ್ನು ಕೇಳುವವರು ಇರಲಿಲ್ಲ. ಆಯೋಗ 1894ರಲ್ಲಿ ವರದಿ ಕೊಟ್ಟಿತು. ಚಟಕ್ಕೆ ಬಿದ್ದವನನ್ನು ಮೊದಲು ನೋಡುವವನು ಪೊಲೀಸ್, ಆಮೇಲೆ ಗುಮಾಸ್ತ, ಕೊನೆಗೆ ಡಾಕ್ಟರ್ ಎಂಬ ಸಾಲು ಮಾತ್ರ ವರದಿ ಬಂದ ಮೇಲೂ ಹಾಗೆಯೇ ಉಳಿಯಿತು. ಈ ಸಾಲನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಈಚಲ ಮರಕ್ಕೆ ಕೊಡಲಿ

ಕುಡಿತದ ವಿರುದ್ಧ ದೊಡ್ಡ ದನಿ ಎದ್ದದ್ದು ಸ್ವಾತಂತ್ರ್ಯ ಚಳವಳಿಯಲ್ಲಿ. 1930ರಲ್ಲಿ ಗಾಂಧೀಜಿ ಹೆಂಡದ ಅಂಗಡಿ ಮುಂದೆ ಧರಣಿ ಕೂಡುವ ಕೆಲಸವನ್ನು ಮಹಿಳೆಯರು ವಹಿಸಿಕೊಳ್ಳಲಿ ಎಂದು ಕರೆ ಕೊಟ್ಟರು. ಕರ್ನಾಟಕದ ಹಲವು ಕಡೆ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಜೈಲಿಗೆ ಹೋದರು. ಹೆಂಡ ನಿಂತರೆ ಮನೆಯೂ ಉಳಿಯುತ್ತದೆ, ಇಂಗ್ಲಿಷರ ಆದಾಯವೂ ನಿಲ್ಲುತ್ತದೆ ಎಂಬ ಲೆಕ್ಕ ಅದು. ಅದೇ ವರ್ಷ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೈಲಾರ ಮಹಾದೇವಪ್ಪ ನಮ್ಮ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಪೀಳಿಗೆಗೆ ಪಾನನಿರೋಧ ಅಂದರೆ ಸ್ವರಾಜ್ಯದ ಒಂದು ಭಾಗವೇ ಆಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ಸರ್ಕಾರ 1949ರಲ್ಲಿ ಪಾನನಿರೋಧ ಕಾಯ್ದೆ ಮಾಡಿ, 1950ರಲ್ಲಿ ಪೂರ್ತಿ ಜಾರಿಗೆ ತಂದಿತು. ಧಾರವಾಡ ಜಿಲ್ಲೆ ಇನ್ನೂ ಮುಂಬೈ ರಾಜ್ಯದಲ್ಲೇ ಇದ್ದದ್ದರಿಂದ ನಮ್ಮ ಹಳ್ಳಿಗಳಲ್ಲೂ ಅಂಗಡಿಗಳು ಮುಚ್ಚಿದವು. ಅದೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೇ ವಿಧಿಯೂ ಮತ್ತು ಬರಿಸುವ ಪದಾರ್ಥಗಳನ್ನು ನಿಷೇಧಿಸಲು ಸರ್ಕಾರ ಯತ್ನಿಸಬೇಕು ಎಂದಿತು.

ಈ ಕಾಯ್ದೆಯಲ್ಲಿ ಒಂದು ವಿಚಿತ್ರವಿತ್ತು. ಆರೋಗ್ಯದ ಕಾರಣಕ್ಕೆ ಕುಡಿಯಲೇಬೇಕಾದವರು ಪರ್ಮಿಟ್ ಪಡೆಯಬಹುದಿತ್ತು. ಕುಡಿತವನ್ನು ಒಮ್ಮೆಗೇ ಬಿಟ್ಟರೆ ಕೆಲವರ ದೇಹ ತಡೆಯುವುದಿಲ್ಲ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು ಅಂತಲೇ ಇದರ ಅರ್ಥ. ಅರ್ಜಿ ಬರೆದು, ಡಾಕ್ಟರ್ ಚೀಟಿ ತಂದು, ಬಾಟಲಿಯ ವಿದೇಶಿ ಮದ್ಯ ಕೊಳ್ಳುವ ತಾಕತ್ತು ಇದ್ದವನಿಗೆ ಪರ್ಮಿಟ್ ಸಿಕ್ಕಿತು. ಕೂಲಿ ಮಾಡುವವನಿಗೆ ಕೇಸು ಬಿತ್ತು, ಇಲ್ಲವೇ ಕಳ್ಳಭಟ್ಟಿ ಸಿಕ್ಕಿತು. ಅಂಗಡಿ ಮುಚ್ಚಿದ ದಿನ ಊರಿಗೆ ಒಂದು ಆಸ್ಪತ್ರೆಯ ಹಾಸಿಗೆಯೂ ಬರಲಿಲ್ಲ. ಕುಡಿತ ಪಾಪ, ಕುಡಿತ ಅಪರಾಧ ಎಂದು ಎಲ್ಲರೂ ಹೇಳಿದರು. ಕುಡಿತ ಕಾಯಿಲೆಯೂ ಹೌದು ಎಂದು ಹೇಳಿದವರು ಕಡಿಮೆ.

ಪಾಕೀಟಿನ ನಲವತ್ತು ವರ್ಷ

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1967ರಲ್ಲಿ ರಾಜ್ಯ ಸರ್ಕಾರ ಪಾನನಿರೋಧ ಕೈಬಿಟ್ಟು ಮತ್ತೆ ಅಬಕಾರಿಗೆ ಮರಳಿತು. ಸಾರಾಯಿ ಮಾರುವ ಹಕ್ಕು ಲಿಲಾವಿಗೆ ಬಂತು. ಮುಂದಿನ ನಲವತ್ತು ವರ್ಷ ಗುತ್ತಿಗೆದಾರರ ಕಾಲ. ಮೊದಲು ಬಾಟಲಿ, ಆಮೇಲೆ ಪ್ಲಾಸ್ಟಿಕ್ ಪಾಕೀಟು. ಹಲ್ಲಿನಿಂದ ಮೂಲೆ ಕಚ್ಚಿ ಬಾಯಿಗೆ ಹಿಂಡಿಕೊಂಡರೆ ಮುಗಿಯಿತು. ಗದ್ದೆಗೆ ಹೋಗುವಾಗ ಒಂದು, ಬರುವಾಗ ಒಂದು.

ಈ ನಲವತ್ತು ವರ್ಷದ ನಡುವೆ, 1981ರ ಜುಲೈನಲ್ಲಿ, ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕಾರಣ ಮೆಥನಾಲ್. ಇದೂ ಒಂದು ಬಗೆಯ ಮದ್ಯಸಾರವೇ, ಆದರೆ ಬಣ್ಣ, ಥಿನ್ನರ್ ಮಾಡುವ ಕಾರ್ಖಾನೆಗೆ ಬೇಕಾದದ್ದು. ನೋಡಲು, ಮೂಸಲು ವ್ಯತ್ಯಾಸ ತಿಳಿಯದು. ಹೊಟ್ಟೆಗೆ ಹೋದ ಕೂಡಲೇ ಏನೂ ಆಗುವುದಿಲ್ಲ. ಅರ್ಧ ದಿನ, ಒಂದು ದಿನ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಯಕೃತ್ತು ಅದನ್ನು ಒಡೆದು ಫಾರ್ಮಿಕ್ ಆಮ್ಲ ಮಾಡುತ್ತದೆ, ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಬೇಗ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದರೆ ವಿಷ ತಡೆಯುವ ಮದ್ದು ಇದೆ, ಡಯಾಲಿಸಿಸ್ ಇದೆ. "ರಾತ್ರಿ ಮಲಗಿದರ ಇಳೀತೈತಿ" ಎಂದು ಕಾದವರು ಕಣ್ಣು ಕಳೆದುಕೊಳ್ಳುತ್ತಾರೆ, ಇಲ್ಲವೇ ಜೀವವನ್ನೇ.

ಒಬ್ಬ ಕುಡಿದ ಮೇಲೆ ಕಣ್ಣು ಮಂಜು ಅಂದರೆ ಅವನ ಜೊತೆ ಕುಡಿದ ಎಲ್ಲರನ್ನೂ ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋಗಬೇಕು. ಕೇಸು ಆದೀತು ಎಂಬ ಹೆದರಿಕೆಗೆ ಮುಚ್ಚಿಡಬಾರದು. 1981ರ ಸಾವುಗಳಿಂದ ಪ್ರತಿ ಹಳ್ಳಿಯೂ ಕಲಿಯಬೇಕಿದ್ದ ಪಾಠ ಇದು.

ವೈದ್ಯರು ಹಳ್ಳಿಯ ಕಡೆ ಹೊರಳಿದ್ದು

ಇದೇ ಹೊತ್ತಿನಲ್ಲಿ ಕರ್ನಾಟಕದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ರೋಗಿ ತಮ್ಮ ಬಳಿ ಬರಲಿ ಎಂದು ಕಾಯುತ್ತ ಕೂರಲಿಲ್ಲ. ನಗರದ ಹೊರಗಿನ ಸಕಲವಾರದಲ್ಲಿ ಕೇಂದ್ರ ತೆರೆದು ಸುತ್ತಲ ಹಳ್ಳಿಗಳಲ್ಲಿ ಕೆಲಸ ಮಾಡಿ ನೋಡಿದರು. ಆಮೇಲೆ 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನು ಕೈಗೆತ್ತಿಕೊಂಡರು. ಪ್ರತಿ ಹಳ್ಳಿಗೆ ಮನೋವೈದ್ಯರನ್ನು ಕೊಡಲು ಸಾಧ್ಯವಿರಲಿಲ್ಲ. ಅದಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಗುಳಿಗೆಗಳು, ಸರಳ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಪರಿಶೀಲನೆ. ಹೀಗೆ ನಡೆಯುತ್ತದೆ ಎಂದು ಬಳ್ಳಾರಿ ತೋರಿಸಿಕೊಟ್ಟಿತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ ಬಳ್ಳಾರಿ ಮಾದರಿಯ ಮೇಲೆ. ನಮ್ಮ ನೆರೆಯ ಜಿಲ್ಲೆಯೊಂದು ದೇಶಕ್ಕೇ ದಾರಿ ತೋರಿಸಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬಳ್ಳಾರಿಯಲ್ಲಿ ಮೊದಲ ಒತ್ತು ಇದ್ದದ್ದು ತೀವ್ರ ಮನೋರೋಗಕ್ಕೆ, ಮೂರ್ಛೆ ರೋಗಕ್ಕೆ. ಕುಡಿತದ ಸರದಿ ಬರುವುದು ತಡವಾಯಿತು. 1991ರಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಬಂತು. ಆದರೆ ಹಾವೇರಿಯಿಂದ ಅದು 300 ಕಿಲೋಮೀಟರಿಗೂ ದೂರ.

ಹಳ್ಳಿಯ ಕುಡುಕನಿಗಾಗಿ ಹಳ್ಳಿಯಲ್ಲೇ ಏನಾದರೂ ಮಾಡಬೇಕು ಎಂದು ಹೊರಟವರಲ್ಲಿ ಚೆನ್ನೈನ ಶಾಂತಿ ರಂಗನಾಥನ್ ಒಬ್ಬರು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಅವರು 1980ರಲ್ಲಿ ಚಿಕಿತ್ಸಾ ಕೇಂದ್ರ ತೆರೆದರು. 1989ರಿಂದ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಚಿಕಿತ್ಸಾ ಶಿಬಿರ ನಡೆಸಿದರು. ಅಲ್ಲಿ ಡಾಕ್ಟರೂ ಇರುತ್ತಿದ್ದರು, ಮನೆಯವರನ್ನೂ ಕೂರಿಸಿ ಮಾತಾಡಿಸುತ್ತಿದ್ದರು, ಶಿಬಿರ ಮುಗಿದ ಮೇಲೂ ಹೋಗಿ ವಿಚಾರಿಸುತ್ತಿದ್ದರು.

ನಮ್ಮ ರಾಜ್ಯದಲ್ಲಿ 1990ರ ದಶಕದಿಂದ ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಒಟ್ಟಿಗೆ ಇರಿಸಿ, ಕೊನೆಗೆ ಬಿಟ್ಟವರ ನವಜೀವನ ಸಮಿತಿ ಕಟ್ಟುತ್ತಾರೆ. ಶಿಬಿರಕ್ಕೆ ಹೋಗಿ ಬಂದವನನ್ನು ಊರವರು ಬೈಯುವುದಿಲ್ಲ, ಹೂಮಾಲೆ ಹಾಕಿ ಮನೆಗೆ ಕಳಿಸುತ್ತಾರೆ. ಧಾರವಾಡದ ಹೆದರಿಕೆ ನೂರೈವತ್ತು ವರ್ಷ ಕಟ್ಟಿದ್ದ ಗೋಡೆಯನ್ನು ಇದು ಕೆಡವಿತು ಎನ್ನಬೇಕು. ಯಾವ ಶಿಬಿರಕ್ಕೆ ಕಳಿಸಿದರೂ ಒಂದು ಮಾತು ಕೇಳಿಯೇ ಕಳಿಸಿ: ಮೊದಲ ನಾಲ್ಕು ದಿನ ಡಾಕ್ಟರ್ ಇರುತ್ತಾರೆಯೇ? ಯಾಕೆ ಕೇಳಬೇಕು ಎಂಬುದನ್ನು ಮುಂದೆ ಹೇಳುತ್ತೇವೆ.

ಪಾಕೀಟು ಹೋಯಿತು, ಚಟ ಉಳಿಯಿತು

1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ನಮ್ಮಲ್ಲಿಗೂ ಬಂತು. ಇಲ್ಲಿಯೂ ಸಂಘಗಳ ಮಹಿಳೆಯರು ಬೀದಿಗಿಳಿದರು. ಕೊನೆಗೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು.

ಎಷ್ಟೋ ಮನೆಗಳಲ್ಲಿ ಅಂದು ನಿಜಕ್ಕೂ ಸಂತೋಷವಾಯಿತು. ಆದರೆ ಸಾರಾಯಿ ಕುಡಿಯುತ್ತಿದ್ದವನ ಮೈಯೊಳಗಿನ ಚಟಕ್ಕೆ ಜುಲೈ 1ರ ತಾರೀಕು ಗೊತ್ತಿರಲಿಲ್ಲ. ಅಗ್ಗದ ವಿಸ್ಕಿ, ರಮ್ಮು ಪಾಕೀಟಿನ ಜಾಗ ತುಂಬಿದವು, ದರ ಹೆಚ್ಚಾಯಿತು. ಲೈಸೆನ್ಸ್ ಇಲ್ಲದ ಗೂಡಂಗಡಿ, ಕಿರಾಣಿ ಅಂಗಡಿಗಳಲ್ಲೂ ಮಾರಾಟ ಶುರುವಾಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ವಿಷಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಅದೇ ಮೆಥನಾಲ್.

2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಕಾಲಿಗೆ ಬೊಬ್ಬೆ ಬಂದರೂ ನಿಲ್ಲಲಿಲ್ಲ. ಮದ್ಯ ನಿಷೇಧ ಆಗಲಿ ಎಂಬುದು ಅವರ ಬೇಡಿಕೆ. ಸರ್ಕಾರ ಹೋದದ್ದು ಬೇರೆ ದಾರಿಗೆ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಆ ಮಹಿಳೆಯರು ನಡೆದ ಮರು ತಿಂಗಳೇ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೊರಬಂತು. ದೇಶದಲ್ಲಿ 16 ಕೋಟಿ ಜನ ಕುಡಿಯುತ್ತಾರೆ, 5.7 ಕೋಟಿ ಜನರಿಗೆ ಕುಡಿತದ ತೊಂದರೆಗೆ ನೆರವು ಬೇಕಾಗಿದೆ ಎಂದಿತು. ಕುಡಿತದ ಚಟ ಅಂಟಿಕೊಂಡ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬನಿಗೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವನು 180ಕ್ಕೆ ಒಬ್ಬ.

ಮುಚ್ಚಿದ ಅಂಗಡಿ ಕಲಿಸಿದ ಪಾಠ

2020ರ ಮಾರ್ಚ್ 25ರಿಂದ ಮೇ 3ರ ತನಕ, ಲಾಕ್‌ಡೌನ್‌ನಲ್ಲಿ ನಲವತ್ತು ದಿನ ಎಲ್ಲ ಮದ್ಯದಂಗಡಿ ಮುಚ್ಚಿದ್ದವು. ಯಾರೂ ತಯಾರಿ ಮಾಡಿಕೊಂಡಿರಲಿಲ್ಲ. ಮೊದಲ ವಾರದಲ್ಲೇ ಕರ್ನಾಟಕ, ಕೇರಳ ಎರಡೂ ಕಡೆಯಿಂದ ಕುಡಿಯಲು ಸಿಗದೆ ಜೀವ ಕಳೆದುಕೊಂಡವರ ಸುದ್ದಿ ಬಂತು. ಕೇರಳ ಸರ್ಕಾರ ಡಾಕ್ಟರ್ ಚೀಟಿ ಇದ್ದವರಿಗೆ ಮದ್ಯ ಕೊಡುವುದಾಗಿ ಆದೇಶ ಮಾಡಿತು, ಹೈಕೋರ್ಟ್ ತಡೆ ಕೊಟ್ಟಿತು. 1949ರ ಪರ್ಮಿಟ್ಟಿನ ಪ್ರಶ್ನೆ ಎಪ್ಪತ್ತು ವರ್ಷದ ಮೇಲೆ ಮತ್ತೆ ಎದ್ದು ನಿಂತಿತ್ತು. ಅಂಗಡಿ ತೆರೆದ ಎರಡನೇ ದಿನ, ಮೇ 5ರಂದು, ರಾಜ್ಯದಲ್ಲಿ 197 ಕೋಟಿ ರೂಪಾಯಿ ಮದ್ಯ ಮಾರಾಟವಾಯಿತು. ಟಿವಿಯವರು ಸಾಲು ತೋರಿಸಿ ನಕ್ಕರು. ಆ ಸಾಲಿನಲ್ಲಿ ಕಾಯಿಲೆಯ ಜನವೂ ನಿಂತಿದ್ದರು ಎಂದು ಹೇಳಿದವರು ಕಡಿಮೆ.

ಏನಿದು ಕಾಯಿಲೆ? ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಮದ್ಯ ನರಗಳನ್ನು ಮಂಕು ಮಾಡುತ್ತದೆ, ಅದನ್ನು ಎದುರಿಸಲು ಮಿದುಳು ಸದಾ ಜೋರಾಗಿ ಓಡುತ್ತಿರುತ್ತದೆ. ಒಮ್ಮೆಗೇ ಮದ್ಯ ನಿಂತರೆ ಬ್ರೇಕ್ ಇಲ್ಲದ ಗಾಡಿ ಆಗುತ್ತದೆ. ಮೊದಲ ದಿನ ಕೈನಡುಕ, ಬೆವರು, ನಿದ್ದೆಗೇಡು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರು ಇಲ್ಲದ ಹಾವು, ಹುಳ ಕಾಣುತ್ತಾರೆ, ಊರು, ದಿನ, ಮನೆಯವರ ಗುರುತು ತಪ್ಪುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಇದರಿಂದ ಸಾಯಬಹುದು. ಹಿಂದಿನವರು ಇದನ್ನೇ ದೆವ್ವ ಮೆಟ್ಟಿದೆ ಎಂದು ತಿಳಿದರು, ಪೊಲೀಸರು ಹುಚ್ಚು ಎಂದು ಬರೆಸಿದರು. ಶಿಬಿರದಲ್ಲಿ ಮೊದಲ ನಾಲ್ಕು ದಿನ ಡಾಕ್ಟರ್ ಇರಬೇಕು ಎಂದದ್ದು ಇದಕ್ಕೇ.

ಇದಕ್ಕೆ ಚಿಕಿತ್ಸೆ ಕಷ್ಟದ್ದಲ್ಲ, ದುಬಾರಿಯೂ ಅಲ್ಲ. ನರ ಶಾಂತ ಮಾಡುವ ಗುಳಿಗೆಯನ್ನು ಡಾಕ್ಟರ್ ಲೆಕ್ಕ ಹಾಕಿ ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತಾ ಹೋಗುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್. ನಮ್ಮಲ್ಲಿ ಒಂದು ರೂಢಿ ಇದೆ, ಕುಡುಕ ಸುಸ್ತಾದರೆ "ಒಂದ್ ಸಲಾಯಿನ್ ಹಚ್ಚಿಸ್ರಿ" ಅನ್ನುವುದು. ಊಟ ಬಿಟ್ಟು ಕುಡಿದವನಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಖಾಯಂ ಪೆಟ್ಟು ಬೀಳಬಹುದು. ಸಲಾಯಿನ್ ಹಚ್ಚುವವರಿಗೆ ರೋಗಿ ಕುಡಿಯುತ್ತಾನೆ ಎಂದು ಮೊದಲೇ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

ಊಟದಲ್ಲಿ ಬೆರೆಸುವ ಪುಡಿ

ಗೋಡೆಗಳ ಮೇಲೆ, ಈಗ ಮೊಬೈಲಿನಲ್ಲೂ ಒಂದು ಜಾಹೀರಾತು ನೋಡಿರುತ್ತೀರಿ: ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ. ಇದರ ಹಿಂದೆಯೂ ಒಂದು ಇತಿಹಾಸವಿದೆ. 1930ರ ದಶಕದಲ್ಲಿ ಅಮೆರಿಕದ ರಬ್ಬರ್ ಕಾರ್ಖಾನೆಯೊಂದರ ವೈದ್ಯರು ಅಲ್ಲಿಯ ರಾಸಾಯನಿಕ ತಾಗಿದ ಕೆಲಸಗಾರರಿಗೆ ಮದ್ಯ ಹಿಡಿಸದೇ ಹೋಗುವುದನ್ನು ಗಮನಿಸಿದರು. 1948ರ ಹೊತ್ತಿಗೆ ಡೆನ್ಮಾರ್ಕಿನ ವಿಜ್ಞಾನಿಗಳು ಆ ಜಾತಿಯ ಡೈಸಲ್ಫಿರಾಮ್ ಎಂಬ ಮದ್ದನ್ನು ಕುಡಿತದ ಚಿಕಿತ್ಸೆಗೆ ತಂದರು. ಅದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿ.ಪಿ. ಕುಸಿಯುತ್ತದೆ.

ಡಾಕ್ಟರ್ ಹೃದಯ, ಯಕೃತ್ತು ತಪಾಸಣೆ ಮಾಡಿ, ರೋಗಿಗೆ ತಿಳಿಸಿ, ಅವನೇ ಒಪ್ಪಿ ನುಂಗಿದರೆ ಅದು ಮದ್ದು. ಗೊತ್ತಿಲ್ಲದೆ ತಿಂದವನು ಮಾಮೂಲಿನಂತೆ ಸಂಜೆ ಕುಡಿದು ಬಂದರೆ ಜೀವವೇ ಹೋಗಬಹುದು. ಪುಡಿಯ ಪೊಟ್ಟಣದಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು. ಮನೆ ಉಳಿಸಲು ಬೆರೆಸಿದ ಅಕ್ಕತಂಗಿಯರನ್ನು ನಾವು ದೂರುವುದಿಲ್ಲ. ಆಸ್ಪತ್ರೆ ದೂರ ಇದ್ದದ್ದಕ್ಕೇ ಪುಡಿ ಹತ್ತಿರ ಬಂತು.

ಗುಳಿಗೆಯ ಮಾತು

ಈಗ ಕುಡಿತದ ಜೊತೆ ಗುಳಿಗೆಯೂ ಸೇರಿದೆ. ನೋವಿಗೆ ಕೊಡುವ ಟ್ರಮಡಾಲ್ ಅಫೀಮಿನಂತೆಯೇ ಕೆಲಸ ಮಾಡುವ ಮದ್ದು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕವಸ್ತು ಕಾಯ್ದೆಯಡಿ ತಂದಿತು. ಇಂಥ ಗುಳಿಗೆ, ನಿದ್ದೆ ಗುಳಿಗೆ, ಮದ್ಯ ಇವು ಕೂಡಿದರೆ ಉಸಿರಾಟ ನಿಧಾನವಾಗುತ್ತಾ ನಿಂತೇ ಹೋಗಬಹುದು. "ಗೊರಕಿ ಹೊಡ್ಯಾಕತ್ತಾನ, ಮಲಗ್ಲಿ ಬಿಡ್ರಿ" ಅಂದು ಬಿಟ್ಟವರು ಬೆಳಿಗ್ಗೆ ಎಬ್ಬಿಸಲು ಹೋಗಿ ಕೂಗಿಕೊಂಡದ್ದುಂಟು.

ಅಫೀಮಿನ ಜಾತಿಯ ಮದ್ದು ಅತಿಯಾದಾಗ ಉಸಿರು ಮರಳಿಸುವ ನಾಲೊಕ್ಸೋನ್ ಎಂಬ ಮದ್ದು 1960ರ ದಶಕದಿಂದಲೂ ಜಗತ್ತಿನಲ್ಲಿದೆ. ಸಾಮಾನ್ಯ ಜನರ ಕೈಗೂ ಇದನ್ನು ಕೊಟ್ಟು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿತು. ನಮ್ಮಲ್ಲಿ ಅದು ಆಸ್ಪತ್ರೆಯ ಇಂಜೆಕ್ಷನ್. ಮದ್ಯದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಹಳ್ಳಿಯಲ್ಲಿ ನಮ್ಮ ಕೈಯಲ್ಲಿರುವುದು ಎರಡು: ಬೇಗ ಗುರುತಿಸುವುದು, 108ಕ್ಕೆ ಫೋನ್ ಮಾಡುವುದು. 2008ರ ನವೆಂಬರ್ 1ರಿಂದ ಈ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ ಓಡುತ್ತಿದೆ.

ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ತಡೆತಡೆದು ಬರುತ್ತಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ. ಎಡ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಬಂದರೂ ಉಸಿರಿಗೆ ಸಿಕ್ಕಿಕೊಳ್ಳದು. ಬಾಯಿಗೆ ನೀರು, ಮಜ್ಜಿಗೆ, ನಿಂಬೆರಸ ಏನೂ ಹಾಕಬೇಡಿ. ತಣ್ಣೀರು ಸುರಿಯಬೇಡಿ. ಗುಳಿಗೆಯ ಹಾಳೆ ಸಿಕ್ಕರೆ ಜೊತೆಗೆ ಒಯ್ಯಿರಿ. ಒಬ್ಬರು ಪಕ್ಕದಲ್ಲೇ ಕೂತಿರಿ.

ಈಗ ಯಾವ ಬಸ್ಸು?

ಮತ್ತೆ ಕಾಗಿನೆಲೆಯ ಬಸ್ ನಿಲ್ದಾಣಕ್ಕೆ ಬರೋಣ. 1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆಯಾಯಿತು. ಅಲ್ಲಿಯ ತನಕ ನಮ್ಮ ಜಿಲ್ಲಾ ಕೇಂದ್ರವೇ ಧಾರವಾಡ. ಈಗ ಜಿಲ್ಲಾ ಆಸ್ಪತ್ರೆ ಹಾವೇರಿಯಲ್ಲೇ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದಿತು. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವುದು ಅದರ ತಿರುಳು. ಅಂದರೆ ನಮ್ಮ ಮನುಷ್ಯ ಮೊದಲು ಹತ್ತಬೇಕಾದದ್ದು ಬ್ಯಾಡಗಿಯ ಬಸ್ಸು. ಹೋಗುವ ಮುಂಚೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಈ ವಾರ ಡಾಕ್ಟರ್ ಯಾವ ದಿನ ಬರುತ್ತಾರೆ ಎಂದು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು, ಮಾತು ತೊದಲಿ ಗುರುತು ತಪ್ಪುತ್ತಿರುವವರು ಮಂಗಳವಾರದ ತನಕ ಕಾಯದೆ ನೇರ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಬಸ್ ಹತ್ತಲೂ ಆಗದಿದ್ದರೆ ಫೋನ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕುಡಿಯುವವನೇ ಮಾಡಬೇಕೆಂದಿಲ್ಲ, ಹೆಂಡತಿಯೋ ತಾಯಿಯೋ ಮಗಳೋ ಮಾಡಿದರೂ ನಡೆಯುತ್ತದೆ.

ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಮದ್ಯ, ಮಾದಕವಸ್ತುವಿನಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆ ಎಂದೇ ಪರಿಗಣಿಸುತ್ತದೆ. ಸರ್ಕಾರಿ ಚಿಕಿತ್ಸೆ ಕೇಳುವುದು ಹಕ್ಕು. ರೋಗಿಯನ್ನು ಸರಪಳಿಯಿಂದ ಕಟ್ಟುವಂತಿಲ್ಲ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ನೋಂದಣಿ ಬೇಕೇ ಬೇಕು. ಹೊಡೆದು ಬಿಡಿಸುತ್ತೇವೆ ಅನ್ನುವವರ ಹತ್ತಿರ ಮಗನನ್ನು ಬಿಟ್ಟು ಬರಬೇಡಿ. ಮಾದಕವಸ್ತು ಕಾಯ್ದೆಯ 64ಎ ಕಲಮು ಕೂಡ, ಸಣ್ಣ ಪ್ರಮಾಣ ಇಟ್ಟುಕೊಂಡ ಅಥವಾ ಸೇವಿಸಿದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಹೋದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಪೊಲೀಸ್ ಮೊದಲು, ಡಾಕ್ಟರ್ ಕೊನೆಗೆ ಎಂಬ ಹಳೆಯ ಸಾಲನ್ನು ಕಾನೂನು ತಿರುಗಿಸಿ ಬರೆದಿದೆ. ಊರುಗಳಲ್ಲಿ ಅದು ಇನ್ನೂ ತಿರುಗಿಲ್ಲ.

ಅದನ್ನು ತಿರುಗಿಸುವ ಕೆಲಸ ಗ್ರಾಮಸಭೆಯಿಂದ ಶುರುವಾಗಬಹುದು. ಚರಂಡಿ, ರಸ್ತೆ, ಮನೆ ಕೇಳುವ ಸಭೆಯಲ್ಲಿ ಈ ಮೂರನ್ನೂ ಕೇಳೋಣ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕುಡಿತ ಬಿಡಿಸುವ ತರಬೇತಿ ಆಗಿದೆಯೇ? ಥಯಮಿನ್ ಇಂಜೆಕ್ಷನ್ ದಾಸ್ತಾನು ಇದೆಯೇ? ಮಂಗಳವಾರದ ಡಾಕ್ಟರ್ ಬಾರದಿದ್ದರೆ ಯಾರಿಗೆ ಹೇಳಬೇಕು? 1985ರಲ್ಲಿ ಬಳ್ಳಾರಿಯಲ್ಲಿ ಆದದ್ದು 40,000 ಕೋಟಿ ರೂಪಾಯಿ ಎಣಿಸುವ ಈ ಕಾಲದಲ್ಲಿ ಬ್ಯಾಡಗಿ ತಾಲ್ಲೂಕಿನಲ್ಲಿ ಆಗುವುದಿಲ್ಲ ಅನ್ನಲು ಯಾವ ಕಾರಣವೂ ಇಲ್ಲ.

ಕಾಗಿನೆಲೆ ಕನಕದಾಸರ ನೆಲೆ. ಕತ್ತಿ ಹಿಡಿದಿದ್ದ ನಾಯಕನೊಬ್ಬ ನಡುವಯಸ್ಸಿನಲ್ಲಿ ಎಲ್ಲ ಬಿಟ್ಟು ದಾಸನಾದ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಕಥೆ ಕೇಳಿ ಬೆಳೆದ ನಮಗೆ ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆ ಇದೆ. ಆದರೆ ಬದಲಾಗು ಎಂದು ಆಣೆ ಹಾಕಿಸಿ ಅವನನ್ನು ಒಂಟಿಯಾಗಿ ಬಸ್ ನಿಲ್ದಾಣದಲ್ಲಿ ಬಿಟ್ಟು ಬರುವುದು ನಮ್ಮ ರೂಢಿಯಾಗಿದೆ. ಕೈ ನಡುಗುತ್ತಿರುವವನ ಜೊತೆ ಬ್ಯಾಡಗಿಯ ತನಕ ಒಬ್ಬರು ಹೋಗಿ ಬನ್ನಿ. ಯಾರಾದರೂ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಬಿ.ಪಿ. ತೋರಿಸೋಕೆ ಎಂದು ಸುಳ್ಳು ಹೇಳುವುದು ಬೇಡ. "ಕುಡಿಯೂದು ಬಿಡಸಾಕ ಆಸ್ಪತ್ರಿಗೆ ಹೊಂಟೇವ್ರಿ" ಅನ್ನಿ. ಪಕ್ಕದ ಸೀಟಿನಲ್ಲಿ ಕೂತವರ ಮನೆಯಲ್ಲೂ ಅದೇ ತೊಂದರೆ ಇರಬಹುದು, ಅವರೂ ನಿಮ್ಮ ಮಾತು ಕೇಳಿಸಿಕೊಂಡಿರುತ್ತಾರೆ.